ಮೇಡಂ ಹಿಂದೆ ಹತ್ತು ದಿನ

ಜನವರಿಯಲ್ಲಿ 10 ದಿನ ನಮ್ಮ ಕಂಪನಿಯ ಜನರಲ್ ಮ್ಯಾನೇಜರ್ ಮೇಡಂ ಹಿಂದೆ ನೆರಳಿನ ಹಾಗೆ ಓಡಾಡಿದೆ. ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟದಲ್ಲಿ ನಾನು ಅಸಿಸ್ಟೆಂಟ್ ಮ್ಯಾನೇಜರ್. ಮುಂದೆ ಒಂದು ಡಿವಿಷನ್ ಪೂರ್ತಿ ನೋಡಿಕೊಳ್ಳಬೇಕಾದವರನ್ನು ಹೀಗೆ ದೊಡ್ಡವರ ಜೊತೆ ಬಿಡುತ್ತಾರೆ, ಶ್ಯಾಡೋಯಿಂಗ್ ಅಂತ ಅದಕ್ಕೆ ಹೆಸರು. ಅವರು ಹೋದಲ್ಲೆಲ್ಲ ಹೋಗಬೇಕು, ಅಲ್ಲಿ ಬಾಯಿ ಬಿಡಬಾರದು, ಸಂಜೆ 20 ನಿಮಿಷ ಮಾತ್ರ ಏನು ಬೇಕಾದರೂ ಕೇಳಬಹುದು. ಯಾರದ್ದಾದರೂ ಸಂಬಳದ ಅಥವಾ ಶಿಸ್ತಿನ ವಿಷಯ ಬಂದರೆ ನನ್ನನ್ನು ಹೊರಗೆ ಕಳಿಸುತ್ತಿದ್ದರು. ಅದು ಸರಿಯೇ.

ಮಡಿಕೇರಿಯಲ್ಲಿ ನಡೆದ ಎರಡು ದಿನದ ಬಜೆಟ್ ಮೀಟಿಂಗಿನಿಂದ ನನಗೆ ಹೆಚ್ಚೇನೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ತೋಟದಲ್ಲೇ.

ಒಂದು ಬೆಳಿಗ್ಗೆ ಮಸ್ಟರ್‌ಗೆ (ಆಳುಗಳ ಹಾಜರಿ ಹಾಕಿ ಕೆಲಸ ಹಂಚುವುದಕ್ಕೆ) ಮುಂಚೆಯೇ ಪಕ್ಕದ ಡಿವಿಷನ್ ಮ್ಯಾನೇಜರ್ ಫೋನ್ ಮಾಡಿದರು. ರೋಬಸ್ಟಾ ಕಾಫಿ ಕುಯ್ಯಬೇಕಾದ ಬ್ಲಾಕ್‌ನಲ್ಲೇ ಆನೆಗಳು ನಿಂತಿವೆ, ಅರಣ್ಯ ಇಲಾಖೆಯವರು ಬಂದು ಓಡಿಸೋವರೆಗೆ ಯಾರೂ ಒಳಗೆ ಹೋಗೋ ಹಾಗಿಲ್ಲ. ಮೇಡಂ ಮೊದಲು ಕೇಳಿದ್ದು, "ಒಳಗೆ ಯಾರಾದರೂ ಇದ್ದಾರಾ? ಎಣಿಸಿದ್ರಾ?" ಎಣಿಸಿರಲಿಲ್ಲ. "ಈಗಲೇ ಎಣಿಸಿ, ನಾನು ಲೈನ್‌ನಲ್ಲೇ ಇರ್ತೀನಿ." ಎಲ್ಲರೂ ಹೊರಗಿದ್ದಾರೆ ಅಂತ ಗೊತ್ತಾದ ಮೇಲೆ ಮೇಡಂ ದನಿಯೇ ಬದಲಾಯಿತು. ಮ್ಯಾನೇಜರ್ "ಈಗ ಏನು ಮಾಡಲಿ ಮೇಡಂ?" ಅಂದರು. ಮೇಡಂಗೆ ಉತ್ತರ ಗೊತ್ತಿತ್ತು, ಅಷ್ಟರಲ್ಲಾಗಲೇ ಜೀಪಿನ ಬಾನೆಟ್ ಮೇಲೆ ತೋಟದ ನಕ್ಷೆ ಹರಡಿಕೊಂಡು ಬೇರೊಂದು ಬ್ಲಾಕ್ ಮೇಲೆ ಬೆರಳಿಟ್ಟುಕೊಂಡಿದ್ದರು. ಆದರೂ "ನೀವೇನು ಅಂದ್ಕೊಂಡಿದ್ದೀರಿ?" ಅಂತ ಕೇಳಿ ಸುಮ್ಮನಾದರು. ಅರ್ಧ ನಿಮಿಷ. ಪಕ್ಕದಲ್ಲಿ ನಿಂತು ಕೇಳುವವರಿಗೆ ಅದು ತುಂಬಾ ಉದ್ದ. ಕೊನೆಗೆ ಮ್ಯಾನೇಜರೇ ಹೊಳೆ ಪಕ್ಕದ ಬ್ಲಾಕಿಗೆ ಜನರನ್ನು ಕರೆದುಕೊಂಡು ಹೋಗ್ತೀನಿ ಅಂದರು. "ಆಯ್ತು. ಹೋದ ಟೈಮಿಗೆ ಜನಕ್ಕೆ ಏನು ಕೊಡ್ತೀರಿ?" ಕುಯ್ಲಿಗೆ ಕೆಜಿ ಲೆಕ್ಕದಲ್ಲಿ ದುಡ್ಡು, ಒಂದು ಗಂಟೆ ಕಾದು ಕೂತರೆ ಅಷ್ಟು ನಷ್ಟ. ಆ ಪ್ರಶ್ನೆ ನನ್ನ ತಲೆಗೂ ಬಂದಿರಲಿಲ್ಲ.

ಸಂಜೆ ಕೇಳಿದೆ, ನೀವೇ ಹೇಳಿಬಿಡಬಹುದಿತ್ತಲ್ವಾ ಅಂತ. "ಜನ ಒಳಗಿದ್ದಿದ್ರೆ ಹೇಳ್ತಿದ್ದೆ, ಕಾಯ್ತಿರಲಿಲ್ಲ. ಬ್ಲಾಕ್ ಬದಲಾಯಿಸೋದನ್ನೂ ನಾನೇ ಹೇಳಿದ್ರೆ, ಮುಂದಿನ ಸಲ ಫೋನಿಗೆ ಸಿಗ್ನಲ್ ಸಿಗದ ಜಾಗದಲ್ಲಿ ಅವರು ಏನು ಮಾಡ್ತಾರೆ?"

ಇನ್ನೊಂದು ದಿನ ಕಾಫಿ ಒಣಗಿಸುವ ಕಣದಲ್ಲಿ. ಮಧ್ಯಾಹ್ನ ಮೋಡ ಕಟ್ಟಿತ್ತು, ಕ್ಯೂರಿಂಗ್‌ಗೆ (ಬೀಜದ ಸಿಪ್ಪೆ ತೆಗೆದು ವಿಂಗಡಿಸೋ ಕಡೆಗೆ) ಹೋಗೋ ಲಾರಿ ಮರುದಿನಕ್ಕೆ ಗೊತ್ತಾಗಿತ್ತು, ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಸಮೇತ ಒಣಗಿಸೋ ಬೀಜ) ಒಣಗಿದೆ, ಚೀಲ ತುಂಬಿಸೋಣ ಅಂತ ಆಫೀಸಿನವರ ಅವಸರ. ಮೇಡಂ ಒಂದು ಬೀಜ ಎತ್ತಿ ಸಿಪ್ಪೆ ಬಿಡಿಸಿ ಹಲ್ಲಲ್ಲಿ ಕಚ್ಚಿದರು. ಏನೂ ಹೇಳಲಿಲ್ಲ. ಒಂದು ಹಿಡಿ ಎತ್ತಿ, ಕಣದಲ್ಲಿ ವರ್ಷಗಳಿಂದ ಕಾಫಿ ಹರವುತ್ತಿರುವ ಹೆಂಗಸಿನ ಕೈಗೆ ಕೊಟ್ಟು "ಅಕ್ಕ, ನೀವು ನೋಡಿ" ಅಂದರು. ಆಕೆ ಕಚ್ಚಿ ನೋಡಿ "ಇನ್ನೊಂದು ಬಿಸಿಲು ಬೇಕು ಮೇಡಂ" ಅಂದರು. ಆಮೇಲೆ ಮೀಟರ್ ಇಟ್ಟರೆ ತೇವ ಇನ್ನೂ ಶೇ. 10ಕ್ಕೆ ಇಳಿದಿರಲಿಲ್ಲ. ಹಾಗೇ ಚೀಲ ಕಟ್ಟಿದ್ದರೆ ಬೂಸ್ಟು ಹಿಡಿಯುವ ಭಯ. ಲಾರಿ ಬೇಡ ಅಂತ ಮೇಡಂ ತಾವೇ ಫೋನ್ ಮಾಡಿ, ತಡ ಆಗಿದ್ದು ನನ್ನ ನಿರ್ಧಾರದಿಂದ ಅಂತ ಹೇಳಿದರು. ಕಣದ ಹೆಸರಾಗಲಿ, ಅಕ್ಕನ ಹೆಸರಾಗಲಿ ಎತ್ತಲಿಲ್ಲ.

ಮೇಡಂ ಮೊದಲೇ "ಒಣಗಿದೆ" ಅಂದಿದ್ದರೆ ಆ ಅಕ್ಕ ಇಲ್ಲ ಅನ್ನುತ್ತಿದ್ದರಾ? ಅನ್ನುತ್ತಿರಲಿಲ್ಲ. ಇದನ್ನು ಆ ರಾತ್ರಿ ನೋಟ್‌ಬುಕ್‌ನಲ್ಲಿ ದೊಡ್ಡದಾಗಿ ಬರೆದುಕೊಂಡೆ.

ನನ್ನ ಡಿವಿಷನ್‌ಗೆ ವಾಪಸ್ ಬಂದ ಮೊದಲ ದಿನ ಮಸ್ಟರ್‌ನಲ್ಲಿ ಮೇಸ್ತ್ರಿ ಕೇಳಿದರು, "ಎಲ್ಲಿಂದ ಶುರು ಮಾಡೋಣ ಸಾರ್?" ಮೇಲಿನ ಬ್ಲಾಕ್ ಅಂತ ನಾಲಿಗೆ ತುದಿಗೆ ಬಂದಿತ್ತು. "ನಿಮಗೇನು ಅನ್ಸುತ್ತೆ?" ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಕೆಳಗಿನಿಂದ ಸಾರ್. ಅಲ್ಲಿ ಹಣ್ಣು ಉದುರೋಕೆ ಶುರುವಾಗಿದೆ."

ಕೆಳಗಿನಿಂದಲೇ ಶುರು ಮಾಡಿದೆವು.