ನೆರೆ ಇಳಿದ ಮೇಲೆ ಚರ್ಚಿನ ತಂಡದ ಕೆಲಸ: ಬಾವಿ, ಕೆಸರು, ಕಾಗದಪತ್ರ

2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಕಡೆ ಬಂದಂಥ ನೆರೆ ಬಯಲುಸೀಮೆಯ ನೆರೆಯ ಹಾಗಲ್ಲ. ಘಟ್ಟದ ಬುಡದಲ್ಲಿ ನೀರು ಏರುವಷ್ಟೇ ಬೇಗ ಇಳಿಯುತ್ತದೆ. ಮರಳು, ಮರದ ದಿಮ್ಮಿ, ಕೆಸರು ಉಳಿಯುತ್ತವೆ. ಪರಿಹಾರ ಕೇಂದ್ರದ ದಿನಗಳು ಕಡಿಮೆ, ಮನೆಗೆ ಮರಳಿದ ಮೇಲಿನ ಕೆಲಸವೇ ಹೆಚ್ಚು. ಆದರೆ ಚರ್ಚುಗಳ ಶಕ್ತಿಯೆಲ್ಲ ಮೊದಲ ವಾರದ ಅಕ್ಕಿ, ಬಟ್ಟೆಗೇ ಖರ್ಚಾಗಿಬಿಡುತ್ತದೆ. ಮೊದಲ ಭಾನುವಾರ ಪೂಜೆ ಮುಗಿಸಿ ಎಲ್ಲರೂ ಹೊರಡುತ್ತಾರೆ, ಮೂರನೇ ವಾರ ಹಾರೆ ಹಿಡಿಯಲು ಜನವೇ ಇರುವುದಿಲ್ಲ. ಆರು ವಾರದ ಪಾಳಿಯನ್ನು ಮೊದಲ ದಿನವೇ ಬರೆದಿಡಿ. ಹಳೇ ಬಟ್ಟೆ ಬೇಡ ಎಂದು ಪೂಜೆಯಲ್ಲೇ ಹೇಳಿಸಿ. ಗಮ್‌ಬೂಟು, ಹಾರೆ, ಬುಟ್ಟಿ, ಹೊಸ ಒಳಉಡುಪು, ಪ್ಯಾಡ್ ಕೇಳಿ.

ನಮ್ಮಲ್ಲಿರುವ ನಿಜವಾದ ಆಸ್ತಿ ವಾರ್ಡಿನ ಗುರಿಕಾರರು, ಅಂದರೆ ಚರ್ಚಿನ ಒಂದೊಂದು ವಾರ್ಡಿನ ಮನೆಗಳನ್ನು ನೋಡಿಕೊಳ್ಳುವ ಮುಖಂಡರು. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಿಗೆ ಇನ್ಸುಲಿನ್ ಬೇಕು, ಯಾರ ಮಗ ಗಲ್ಫಿನಲ್ಲಿದ್ದಾನೆ, ಎಲ್ಲ ಅವರಿಗೆ ಗೊತ್ತು. ಆದರೆ ಅವರ ಪಟ್ಟಿಯಲ್ಲಿ ಇರುವುದು ಕ್ರೈಸ್ತ ಮನೆಗಳು ಮಾತ್ರ. ಅದನ್ನು ಹಿಡಿದು ತೋಡಿನ (ಸಣ್ಣ ಹಳ್ಳದ) ಬದಿಯಲ್ಲೇ ನಡೆದು, ನೀರು ಹೊಕ್ಕ ಪ್ರತಿ ಮನೆಯನ್ನೂ ಸೇರಿಸಿ. ಸಾಮಾನಿನ ಚೀಲದಲ್ಲಿ ಪ್ರಾರ್ಥನೆಯ ಕರಪತ್ರ ಇಡಲೇಬೇಡಿ. ಕಷ್ಟದಲ್ಲಿರುವವರ ಮುಂದೆ ಹಾಗೆ ಮಾಡುವುದು ಅನ್ಯಾಯ.

ಮನೆಗಿಂತ ಮೊದಲು ಬಾವಿ ನೋಡಿ. ಇಲ್ಲಿ ಆಗುವ ಮೊದಲ ತಪ್ಪೆಂದರೆ ಉತ್ಸಾಹದಲ್ಲಿ ಪಂಪು ಇಟ್ಟು ಪೂರ್ತಿ ಖಾಲಿ ಮಾಡುವುದು. ಸುತ್ತಲ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಒಳಗಿನ ನೀರಿನ ಒತ್ತಡ ಒಮ್ಮೆಲೇ ತಪ್ಪಿದರೆ ಕೆಂಪು ಕಲ್ಲಿನ ಕಟ್ಟೆ ಕುಸಿಯುತ್ತದೆ. ಮೇಲೆ ತೇಲುವ ಕಸ ತೆಗೆದು, ಮಳೆ ಬಿಟ್ಟ ಮೇಲೆ ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ನಿಲ್ಲಿಸಿ ಎತ್ತಿ. ಪೆಟ್ರೋಲ್ ಅಥವಾ ಸೀಮೆಎಣ್ಣೆ ಪಂಪನ್ನು ಬಾವಿಯೊಳಗೆ ಇಳಿಸಿ ಚಾಲೂ ಮಾಡಬೇಡಿ. ಅದರ ಹೊಗೆ ಒಳಗೇ ತುಂಬಿ, ಇಳಿದವರ ಜೀವ ತೆಗೆಯುತ್ತದೆ.

ನೀರು ತಿಳಿಯಾಗುವ ಮೊದಲು ಬ್ಲೀಚಿಂಗ್ ಪುಡಿ ಹಾಕಿದರೆ ದಂಡ, ಕ್ಲೋರಿನ್ ಎಲ್ಲ ಕೆಸರಿಗೇ ಹೋಗುತ್ತದೆ. ತಿಳಿಯಾದ ಮೇಲೆ ಅಳೆಯಿರಿ. ಮನೆಯವರು ಕೋಲಿನ (ಊರಿನ ಹಳೇ ಅಳತೆಯ) ಲೆಕ್ಕದಲ್ಲಿ ಹೇಳುವ ಆಳ ಬಾವಿಯದು, ನೀರಿನದಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಒದ್ದೆಯಾದಷ್ಟು ಉದ್ದವನ್ನು ಮೀಟರಿನಲ್ಲಿ ತೆಗೆದುಕೊಳ್ಳಿ. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 3 ಮೀಟರ್ ವ್ಯಾಸ, 4 ಮೀಟರ್ ನೀರು ಇದ್ದರೆ 28,260 ಲೀಟರ್. ಮಾಮೂಲಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿ ಸಾಕು, ನೆರೆಯ ನಂತರ 5 ಗ್ರಾಂ. ಈ ಬಾವಿಗೆ ಸುಮಾರು 140 ಗ್ರಾಂ.

ಪುಡಿಯನ್ನು ನೇರ ಬಾವಿಗೆ ಸುರಿಯಬಾರದು. ಒಂದು ಬಕೆಟ್ಟಿಗೆ 100 ಗ್ರಾಂ ಮೀರದಂತೆ ಹಾಕಿ, ಸ್ವಲ್ಪ ನೀರಲ್ಲಿ ಕಲಸಿ ಮುದ್ದೆ ಮಾಡಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ. ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿ, ಹಗ್ಗದಲ್ಲಿ ನೀರಿನ ಮಟ್ಟದ ಕೆಳಗೆ ಇಳಿಸಿ, ಮೇಲೆ ಕೆಳಗೆ, ಆಚೆ ಈಚೆ ಜೋರಾಗಿ ಆಡಿಸಿ. ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು. ನಂತರ ಕ್ಲೋರಿನ್ ಪರೀಕ್ಷೆಯ ಕಿಟ್‌ನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರುವುದು ಕಾಣಬೇಕು. ಕಾಣದಿದ್ದರೆ ಮತ್ತೆ ಹಾಕಿ. ಬಹಳ ಸಲ ದೋಷ ಪುಡಿಯದೇ: ಹೊಸ ಪುಡಿಯಲ್ಲಿ ಶೇಕಡಾ 33ರಷ್ಟು ಕ್ಲೋರಿನ್ ಇದ್ದರೂ, ಚೀಲದ ಬಾಯಿ ತೆರೆದು ಚರ್ಚ್ ಹಾಲಿನ ತೇವದಲ್ಲಿ ಇಟ್ಟರೆ ಅದು ಬರೀ ಸುಣ್ಣವಾಗುತ್ತದೆ. ಪರೀಕ್ಷೆ ಸರಿ ಬಂದರೂ ಕುಡಿಯುವ ನೀರನ್ನು ಕೆಲವು ವಾರ ಕುದಿಸಿಯೇ ಕುಡಿಯಲಿ.

ಮನೆಯೊಳಗೆ ಕಾಲಿಡುವ ಮೊದಲು ಮೈನ್ ಸ್ವಿಚ್ ಆಫ್ ಆಗಿದೆಯೇ ನೋಡಿ. ಬೋರ್ಡು ಮುಳುಗಿದ್ದರೆ ವೈರಿಂಗ್‌ನವರು ನೋಡುವ ತನಕ ಹಾಕಬಾರದು. ಕೆಸರನ್ನು ಹಸಿಯಿದ್ದಾಗಲೇ ಎಳೆಯಿರಿ, ಗಟ್ಟಿಯಾದರೆ ಕೆಲಸ ದುಪ್ಪಟ್ಟು. ಮಣ್ಣಿನ ಗೋಡೆಯ ಮನೆ ನೀರು ಇಳಿದು ಬಿಸಿಲು ಬಂದ ಮೇಲೂ ಬೀಳಬಹುದು. ಬುಡದಲ್ಲಿ ಬಿರುಕು ಕಂಡರೆ ರಾತ್ರಿ ಅಲ್ಲಿ ಮಲಗಲು ಬಿಡಬೇಡಿ. ಕಾಲಿನಲ್ಲಿ ಗಾಯವಿರುವ ಸ್ವಯಂಸೇವಕರನ್ನು ಕೆಸರಿಗೆ ಇಳಿಸಬೇಡಿ, ಇಲಿಜ್ವರ ಹರಡುವುದು ಇದೇ ದಾರಿಯಲ್ಲಿ. ತಡೆ ಮಾತ್ರೆಯ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೇಳಿ.

ತೋಟದ ಮರಳು ತೆಗೆಯಲು ಮಾತ್ರ ಅವಸರ ಬೇಡ. ರಾಜ್ಯ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಹೂಳು 3 ಇಂಚಿಗಿಂತ ಹೆಚ್ಚು ಇದ್ದರೆ ಮಾತ್ರ ನೆರವು, ಅದನ್ನು ಅಧಿಕಾರಿಗಳು ದೃಢಪಡಿಸಬೇಕು. ನಮ್ಮ ಹುಡುಗರು ಪ್ರೀತಿಯಿಂದ ಗುಡಿಸಿ ಹಾಕಿದ ತೋಟದಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಅಡಿಕೆ ಮರದ ಪಕ್ಕ ಮರಳಿಗೆ ಅಳತೆಪಟ್ಟಿ ಊರಿ ಫೋಟೋ ತೆಗೆಯಿರಿ, ಸರ್ವೆ ನಂಬರ್ ಬರೆದಿಡಿ, ಪರಿಶೀಲನೆ ಮುಗಿದ ಮೇಲೆ ಮೊದಲು ಕಣಿ (ತೋಟದ ನೀರು ಹರಿದುಹೋಗುವ ಕಾಲುವೆ) ಬಿಡಿಸಿ, ಆಮೇಲೆ ಮರದ ಬುಡ.

ಕಾಗದಪತ್ರಕ್ಕೆಂದೇ ಒಬ್ಬರನ್ನು, ಸಾಧ್ಯವಾದರೆ ನಿವೃತ್ತ ಶಿಕ್ಷಕರನ್ನು, ಕೂರಿಸಿ. ಆಧಾರ್, ಪಡಿತರ ಚೀಟಿ, ಪಹಣಿ, ಪಾಸ್‌ಬುಕ್ಕಿನ ಹೆಸರುಗಳನ್ನು ಅಕ್ಷರ ಅಕ್ಷರ ಹೋಲಿಸಬೇಕು. ಒದ್ದೆ ಕಾಗದವನ್ನು ಪತ್ರಿಕೆಯ ಹಾಳೆಗಳ ನಡುವೆ ಇಟ್ಟು ನೆರಳಲ್ಲಿ ಒಣಗಿಸಿ. ಹೆಚ್ಚಾಗಿ ಸಿಕ್ಕಿಬೀಳುವುದು ಪಹಣಿಯಲ್ಲಿ: ಜಾಗ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ, ಮನೆ ಕಳೆದುಕೊಂಡವರು ಮೊಮ್ಮಕ್ಕಳು. ಅಂಥ ಮನೆಗಳನ್ನು ಮೊದಲ ವಾರದಲ್ಲೇ ಗುರುತಿಸಿ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದ ಅರ್ಜಿಯನ್ನು ನಾಡಕಚೇರಿಗೆ ಅವರ ಜೊತೆಗೇ ಹೋಗಿ ಕೊಡಿಸಿ.