‘ನಾಚಿಕೆ ಸ್ವಭಾವ’ ಅಂತ ಬರೆಯುವ ಮುಂಚೆ

ನಾನು ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಬಿಐಇಆರ್‌ಟಿ. ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಓಡಾಡುವ ಸಂಪನ್ಮೂಲ ಶಿಕ್ಷಕಿ. ಪಾವಗಡ ಕಡೆಯ ಹೈಸ್ಕೂಲುಗಳೇ ಜಾಸ್ತಿ. ಹೋದಲ್ಲೆಲ್ಲ ಮೊದಲು ಕಿವಿಗೆ ಬೀಳುವುದು ಒಂದೇ ಮಾತು. "ಪಾಪ ಮೇಡಂ, ಒಳ್ಳೆ ಮಗು. ಸ್ವಲ್ಪ ನಾಚಿಕೆ ಸ್ವಭಾವ. ಯಾರ ತಂಟೆಗೂ ಹೋಗಲ್ಲ." ದಾಖಲೆಯಲ್ಲೂ ಅದನ್ನೇ ಬರೆದಿರುತ್ತಾರೆ. ತಂಟೆ ಮಾಡದ ಮಗುವಿನ ಬಗ್ಗೆ ಯಾರಿಗೂ ಅವಸರ ಇರುವುದಿಲ್ಲ. ನನಗೆ ಕಳವಳ ಆಗುವುದು ಅದಕ್ಕೇ.

ಏಳನೇ ತರಗತಿವರೆಗೆ ಬಹಳಷ್ಟು ಮಕ್ಕಳು ತಮ್ಮೂರಿನ ಶಾಲೆಯಲ್ಲೇ ಇರುತ್ತಾರೆ. ಅಲ್ಲಿರುವವರೆಲ್ಲ ಅಂಗನವಾಡಿಯಿಂದ ಜೊತೆಗಿದ್ದವರು. ಕಾಲು ಎಳೆದು ನಡೆದರೂ ಯಾರೂ ತಿರುಗಿ ನೋಡುವುದಿಲ್ಲ. ಎಂಟಕ್ಕೆ ಬಂದರೆ ಸುತ್ತಮುತ್ತಲಿನ ಊರುಗಳ ಹೊಸ ಮುಖಗಳು. ಮೈ ಬದಲಾಗುವ ವಯಸ್ಸೂ ಅದೇ. ಮಗು ಕುಗ್ಗುವುದು ಸಹಜ. ಆದರೆ ಕುಗ್ಗಿದ ಮಗುವಿನ ಹತ್ತಿರ ಕೂತು ನೋಡಿದರೆ, ನಾಚಿಕೆ ಅಂದುಕೊಂಡದ್ದರ ಹಿಂದೆ ಬಹಳ ಸಲ ಕೈಗೆ ಸಿಗುವಂಥ ಒಂದು ಕಾರಣ ಇರುತ್ತದೆ.

ಒಂಬತ್ತನೇ ತರಗತಿಯ ಹುಡುಗನೊಬ್ಬನಿಗೆ ಶ್ರವಣ ಸಾಧನ ಕೊಟ್ಟಿದ್ದರು. ಕರ್ಚೀಫಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದ. "ಹಾಕ್ಕೊಳ್ಳೋಕೆ ನಾಚಿಕೆ ಅವನಿಗೆ" ಅಂದರು ಕ್ಲಾಸ್ ಟೀಚರ್. ಪಕ್ಕದಲ್ಲಿ ಕೂತು ಹಾಕಿಸಿದೆ. ಬಾಯಿ ಆಡಿಸಿದ ಕೂಡಲೇ ಕುಂಯ್ ಅಂತ ಸೀಟಿ. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಅಷ್ಟರಲ್ಲಿ ಅವನ ಕೈ ಕಿವಿಗೆ ಹೋಗಿ ಆಗಿತ್ತು. ಕಿವಿಯೊಳಗೆ ಕೂರುವ ಮೋಲ್ಡ್ ಅವನು ಪ್ರೈಮರಿಯಲ್ಲಿದ್ದಾಗ ಅಳತೆ ತೆಗೆದು ಮಾಡಿದ್ದು. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತದೆ, ಮೋಲ್ಡ್ ಸಡಿಲ ಆಗುತ್ತದೆ. ಸಂದಿಯಿಂದ ಆಚೆ ಬಂದ ಶಬ್ದ ಮತ್ತೆ ಮೈಕಿಗೇ ಹೋಗಿ ಸೀಟಿ ಹೊಡೆಯುತ್ತದೆ. ಹೊಸ ಅಳತೆ ಕೊಡಿಸಲು ತುಮಕೂರಿಗೆ ಹೋಗಬೇಕಿತ್ತು. ಪಾವಗಡದಿಂದ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಅಪ್ಪನ ಒಂದು ದಿನದ ಕೂಲಿ ಹೋಗುತ್ತೆ, ಬಸ್ ಚಾರ್ಜ್ ಬೇರೆ. ಅದಕ್ಕೇ ಮುಂದಕ್ಕೆ ಹೋಗುತ್ತಲೇ ಇತ್ತು.

ಅವನಿಗೆ ಇನ್ನೊಂದು ಕಷ್ಟವೂ ಇತ್ತು. ಪಾವಗಡದ ಬಹಳ ಮನೆಗಳ ಹಾಗೆ ಅವನ ಮನೆಯಲ್ಲೂ ತೆಲುಗು, ಶಾಲೆಯಲ್ಲಿ ಕನ್ನಡ. ತುಟಿ ನೋಡಿ ಮಾತು ಹಿಡಿಯುವ ಹುಡುಗ ಅವನು. ಮೇಷ್ಟ್ರು ಬೋರ್ಡ್ ಕಡೆ ತಿರುಗಿ ಪಾಠ ಮಾಡಿದರೆ ಮುಗಿಯಿತು, ಅಲ್ವಾ? ಮೋಲ್ಡ್ ಬದಲಾಯಿತು. ಎರಡನೇ ಬೆಂಚಿಗೆ ಬಂದ. ಈಗಲೂ ಮಾತು ಕಮ್ಮಿಯೇ. ಆದರೆ ಕೇಳಿಸದಿದ್ದರೆ "ಇನ್ನೊಂದ್ಸಲ ಹೇಳಿ ಸಾರ್" ಅಂತಾನೆ. ಕ್ಲಾಸಿನ ಮುಂದೆ ಹಾಗೆ ಕೇಳುವುದು ಸಣ್ಣ ಧೈರ್ಯ ಅಲ್ಲ.

ಕಾಲಿಗೆ ಆಸರೆ ಕೊಡುವ ಪಟ್ಟಿ, ಅಂದರೆ ಕ್ಯಾಲಿಪರ್ ಹಾಕುವ ಹುಡುಗಿಯೊಬ್ಬಳು ಬಿಸಿಯೂಟಕ್ಕೆ ಗೆಳತಿಯರ ಜೊತೆ ಕೂರುತ್ತಿರಲಿಲ್ಲ. ಸಂಕೋಚ ಅಂದರು. ವಿಷಯ ಏನಂದರೆ ಅವಳು ಶಾಲೆಯಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಶೌಚಾಲಯಕ್ಕೆ ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ, ಕ್ಯಾಲಿಪರ್ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಊಟ ಮಾಡಿದರೆ ನೀರು ಬೇಕು. ಹಾಗಾಗಿ ಊಟವೇ ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಶಾಲೆಯ ಕಟ್ಟಡ, ಆವರಣ, ಸೌಲಭ್ಯ ಎಲ್ಲವೂ ಈ ಮಕ್ಕಳಿಗೂ ಬಳಸುವಂತಿರಬೇಕು ಅನ್ನುತ್ತದೆ. ನಾನು ನೋಡಿದ ಶಾಲೆಗಳಲ್ಲಿ ರ‍್ಯಾಂಪ್ ಬಂದಿರುವುದು ಹೆಚ್ಚಾಗಿ ಕ್ಲಾಸಿನ ಬಾಗಿಲವರೆಗೆ. ಶೌಚಾಲಯದವರೆಗೂ ಬರಬೇಕು.

ಡಿಸೆಂಬರ್ 3, ವಿಶ್ವ ವಿಕಲಚೇತನರ ದಿನಕ್ಕೆ ಇದೇ ಮಕ್ಕಳನ್ನು ವೇದಿಕೆಗೆ ಕರೆದು ಹೂ ಕೊಟ್ಟು ಫೋಟೋ ತೆಗೆಸುತ್ತಾರೆ. ಪ್ರತಿಭಾ ಕಾರಂಜಿಗೆ ಹೆಸರು ಬರೆಸುವಾಗ ಅವರನ್ನು ಕೇಳುವವರು ಕಮ್ಮಿ. ಸುಮ್ನೆ ಹೊಗಳಿಸಿಕೊಳ್ಳುವುದು ಯಾವ ಹದಿನಾಲ್ಕರ ಮಗುವಿಗೂ ಇಷ್ಟ ಆಗುವುದಿಲ್ಲ. ಲೈಬ್ರರಿ ಪುಸ್ತಕದ ಲೆಕ್ಕ ಕೊಡಿ, ಪ್ರಾರ್ಥನೆಯಲ್ಲಿ ಪೇಪರ್ ಓದಿಸಿ. ತಪ್ಪು ಮಾಡಿದರೆ ಉಳಿದವರಿಗೆ ಬೈದಷ್ಟೇ ಬೈಯಿರಿ. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ.

ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಇನ್ನೊಂದು ಗಂಟು. ಕೈ ಬಿಗಿಯಾಗಿ ಬರೆಯಲಾಗದ ಹುಡುಗಿಗೆ ಬರೆಯುವವರು ಸಿಗುತ್ತಾರೆ, ಹೆಚ್ಚಿನ ಸಮಯವೂ ಸಿಗುತ್ತದೆ. ಬರೆಯಲು ಬರುವುದು ಸಾಮಾನ್ಯವಾಗಿ ಕೆಳಗಿನ ತರಗತಿಯ ಮಗು. "ಅಕ್ಕನಿಗೆ ಏನೂ ಬರಲ್ಲ" ಅಂದುಕೊಂಡರೆ ಅನ್ನುವ ಭಯಕ್ಕೆ ಇವಳು ಗೊತ್ತಿದ್ದ ಉತ್ತರವನ್ನೂ ನುಂಗಿಬಿಡುತ್ತಿದ್ದಳು. ಉತ್ತರ ಗೊತ್ತಿರುವುದು ಬೇರೆ, ಬಾಯಿಬಿಟ್ಟು ಬರೆಸುವುದು ಬೇರೆ. ಅದಕ್ಕೆ ಅಭ್ಯಾಸ ಬೇಕು. ಕಿರುಪರೀಕ್ಷೆಗಳಲ್ಲೇ ಜೋಡಿ ಮಾಡಿ ಕೂರಿಸಿದೆವು. ಮೊದಮೊದಲು ಎದುರಿನವಳು ಏನು ಬರೆದರೂ ಹೂಂ ಅನ್ನುತ್ತಿದ್ದಳು. ಒಂದು ದಿನ ಗಣಿತದ ಮಧ್ಯೆ, "ತಡಿಯೇ, ಆ ಸಾಲು ಹೊಡೆದುಹಾಕು, ನಾನು ಹೇಳಿದ್ದು ಮೈನಸ್ಸು" ಅಂದಳು. ನನಗೆ ಎಷ್ಟು ಖುಷಿಯಾಯಿತು ಗೊತ್ತಾ!

ಈ ಸೌಲಭ್ಯಕ್ಕೆಲ್ಲ ವೈದ್ಯಕೀಯ ಪ್ರಮಾಣಪತ್ರ ಬೇಕು. ಹೆಣ್ಣುಮಕ್ಕಳ ಮನೆಯಲ್ಲಿ ಅದೇ ದೊಡ್ಡ ತಡೆ. "ಕಾಗದದಲ್ಲಿ ಬರೆಸಿಬಿಟ್ಟರೆ ನಾಳೆ ಮದುವೆ ಹೇಗೆ ಮೇಡಂ?" ಅಂತ ಕೇಳುತ್ತಾರೆ. ಒಂದು ಭೇಟಿಯಲ್ಲಿ ಕರಗುವ ಭಯ ಅಲ್ಲ ಅದು. ಆ ಅಮ್ಮಂದಿರ ಜೊತೆ ಎಂಟನೇ ತರಗತಿಯಲ್ಲೇ ಮಾತು ಶುರು ಮಾಡಿ. ಹತ್ತನೇ ತರಗತಿಯ ನೋಂದಣಿ ಹೊತ್ತಿಗೆ ಓಡಾಡಿದರೆ ಆಸ್ಪತ್ರೆಯ ಸರದಿಯೇ ಸಿಗುವುದಿಲ್ಲ.