ಎಲೆಕ್ಟ್ರಾನಿಕ್ಸ್‌ನವಳಿಗೆ ಜೀವಕೋಶದ ಪ್ರಶ್ನೆ

ಬೇರೆ ಬೇರೆ ವಿಷಯ ಬೆರೆಸಿ ಸಂಶೋಧನೆ ಮಾಡುವ ಇಂಟರ್‌ಡಿಸಿಪ್ಲಿನರಿ ಪಿಎಚ್‌ಡಿಗೆ ಅರ್ಜಿ ಹಾಕುತ್ತೇನೆ ಅಂದಾಗ ಅಪ್ಪ ಕೇಳಿದ್ದು ಒಂದೇ ಮಾತು. "ನೀನು ಎಲೆಕ್ಟ್ರಾನಿಕ್ಸ್ ಓದಿದವಳು. ಬಯಾಲಜಿ ಕಡೆ ನಿನಗೇನು ಕೆಲಸ?" ಮಲ್ಲೇಶ್ವರದ ದೊಡ್ಡಪ್ಪ ಮಾತ್ರ ಖುಷಿಯಾದರು. "ಟಾಟಾ ಇನ್‌ಸ್ಟಿಟ್ಯೂಟ್ ತಾನೇ? ಹಾಕು ಹಾಕು." ಹಳೇ ಬೆಂಗಳೂರಿನವರಿಗೆ ಐಐಎಸ್‌ಸಿ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟೇ.

ಅಪ್ಪನಿಗೆ ಜಿ.ಎನ್. ರಾಮಚಂದ್ರನ್ ಕಥೆ ಹೇಳಿದೆ. 1942ರಲ್ಲಿ ಅದೇ ಸಂಸ್ಥೆಗೆ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಲು ಬಂದವರು ಅವರು. ಸಿ.ವಿ. ರಾಮನ್ ಕೈಗೆ ಸಿಕ್ಕು ಭೌತಶಾಸ್ತ್ರಕ್ಕೆ ಹೋದರು. ಕೊನೆಗೆ ಹೆಸರಾಗಿದ್ದು ಪ್ರೋಟೀನ್‌ಗಳ ಆಕಾರ ಲೆಕ್ಕ ಹಾಕಿ. "ಅವರು ರಾಮಚಂದ್ರನ್ ಕಣಮ್ಮ" ಅಂದರು ಅಪ್ಪ. ಅದೂ ಸರಿಯೇ.

ಅರ್ಜಿಯಲ್ಲಿ ಗೇಟ್ ಅಂಕ, ಮಾರ್ಕ್ಸ್ ಕಾರ್ಡ್ ಎಲ್ಲ ಬೇಗ ಮುಗಿಯಿತು. ಕೂತು ಬರೆಸಿದ್ದು "ಯಾಕೆ ಸೇರಬೇಕು" ಅನ್ನುವ ಪುಟ. ಚಿಕ್ಕಂದಿನಿಂದ ವಿಜ್ಞಾನ ಅಂದರೆ ಪ್ರಾಣ ಅಂತ ಸುಮ್ನೆ ಬರೆಯಬಹುದಿತ್ತು. ಎಲ್ಲರೂ ಬರೆಯುತ್ತಾರೆ, ಯಾರೂ ನಂಬುವುದಿಲ್ಲ. ನಾನು ನಿಜವಾದ ಕಾರಣವನ್ನೇ ಬರೆದೆ. 1850ರ ದಶಕದಲ್ಲಿ ಭೌತವಿಜ್ಞಾನಿ ಕೆಲ್ವಿನ್ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್‌ಗೆ ಒಂದು ಸಮೀಕರಣ ಕಟ್ಟಿದರು. ನಮ್ಮ ನರಗಳಲ್ಲಿ ಸಿಗ್ನಲ್ ಹೇಗೆ ಹರಡುತ್ತದೆ ಅನ್ನುವುದಕ್ಕೂ ಮುಂದೆ ಅದನ್ನೇ ಬಳಸಿದರು. ಕಾಲೇಜಿನಲ್ಲಿ ಬೈದುಕೊಂಡು ಕಲಿತ ಲೆಕ್ಕ ನನ್ನ ಮೈಯೊಳಗೇ ನಡೆಯುತ್ತಿದೆ ಅಂದರೆ ತಮಾಷೆ ಅಲ್ವಾ?

ಸಂದರ್ಶನದಲ್ಲಿ ಹಿಡಿದದ್ದೂ ಅದನ್ನೇ. "ಜೀವಕೋಶದ ಪೊರೆಯನ್ನು ಸರ್ಕ್ಯೂಟ್ ಆಗಿ ಬರೀರಿ" ಅಂತ ಮಾರ್ಕರ್ ಕೊಟ್ಟರು. ಚಾರ್ಜ್ ಕೂಡಿಡುವ ಒಂದು ಕೆಪಾಸಿಟರ್, ಪಕ್ಕದಲ್ಲಿ ಕರೆಂಟ್ ತಡೆಯುವ ರೆಸಿಸ್ಟರ್, ಅದರ ಜೊತೆ ಬ್ಯಾಟರಿ. "ಪೊರೆಯೊಳಗೆ ವಿದ್ಯುತ್ ಕ್ಷೇತ್ರ ಎಷ್ಟು?" ಪೊರೆಯ ಒಳಗೂ ಹೊರಗೂ ವೋಲ್ಟೇಜ್ ವ್ಯತ್ಯಾಸ ಸುಮಾರು 70 ಮಿಲಿವೋಲ್ಟ್, ದಪ್ಪ ಸುಮಾರು 5 ನ್ಯಾನೋಮೀಟರ್. ಭಾಗಿಸಿದರೆ ಮೀಟರಿಗೆ 1.4 ಕೋಟಿ ವೋಲ್ಟ್! "ಗಾಳಿಯಲ್ಲಿ ಸುಮಾರು 30 ಲಕ್ಷಕ್ಕೇ ಕಿಡಿ ಹಾರುತ್ತದೆ. ಇದು ಹೇಗೆ ತಡೆಯುತ್ತದೆ?" ಕಿಡಿ ಹಾರಬೇಕಾದರೆ ಎಲೆಕ್ಟ್ರಾನು ಓಡಿ ವೇಗ ಪಡೆಯಬೇಕು, ಇಷ್ಟು ತೆಳುವಾದ ಕೊಬ್ಬಿನ ಪದರದಲ್ಲಿ ಓಡಲು ಜಾಗವೆಲ್ಲಿದೆ ಅಂದೆ. ತಲೆ ಆಡಿಸಿದರು.

ಇಷ್ಟು ಹೊತ್ತು ನನ್ನ ಊರು. ಆಮೇಲೆ ಜೀವಶಾಸ್ತ್ರದವರು ಶುರು ಮಾಡಿದರು. "ಈ ಬ್ಯಾಟರಿ ಯಾರು ಚಾರ್ಜ್ ಮಾಡ್ತಾರೆ?" ಪೊರೆಯಲ್ಲಿರುವ ಪಂಪ್. ಪ್ರತಿ ಸಲ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. "ಪಂಪ್ ನಿಲ್ಲಿಸಿದರೆ ವೋಲ್ಟೇಜ್ ಆ ಕ್ಷಣವೇ ಹೋಗುತ್ತಾ?" ನನಗೆ ನೆನಪಾಗಿದ್ದು ನಮ್ಮನೆ ಓವರ್‌ಹೆಡ್ ಟ್ಯಾಂಕ್. ಮೋಟಾರ್ ಆಫ್ ಮಾಡಿದ ಮೇಲೂ ನಲ್ಲಿಯಲ್ಲಿ ನೀರು ಬರುತ್ತದಲ್ಲ? ಒಳಗೆ ಕೂಡಿಟ್ಟ ಪೊಟ್ಯಾಸಿಯಂ ಇರುವ ತನಕ ವೋಲ್ಟೇಜ್ ನಿಧಾನವಾಗಿ ಇಳಿಯುತ್ತದೆ ಅಂದೆ. ಒಬ್ಬರು ಜೋರಾಗಿ ನಕ್ಕರು. ಎರಡೂ ಕಡೆಯವರು ಒಂದೇ ಬೋರ್ಡ್ ಮುಂದೆ ವಾದ ಮಾಡುವುದನ್ನು ಅವತ್ತೇ ಮೊದಲು ನೋಡಿದ್ದು. ಅದಕ್ಕೇ ಸೇರಬೇಕು ಅನ್ನಿಸಿತು, ಡಿಗ್ರಿಗಿಂತ ಜಾಸ್ತಿ.

ಪಟ್ಟಿಯಲ್ಲಿ ಹೆಸರು ಬಂತು. ಕಂಪನಿಗೆ ನೋಟಿಸ್ ಕೊಟ್ಟಿದ್ದೇನೆ. ಸೇರುವಷ್ಟರಲ್ಲಿ ಬಯೋಕೆಮಿಸ್ಟ್ರಿಯನ್ನು ಮೊದಲ ಪಾಠದಿಂದ ಓದಬೇಕು. ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಎಲೆಕ್ಟ್ರಾನಿಕ್ಸ್ ಇರುವ ಪಿಸಿಎಂಇ ತಗೊಂಡವಳು ನಾನು.